ಸಾಂತಾ ಲಿಬ್ರಾದಾದ ಶುದ್ಧ ಹೊಟ್ಟೆ

ಹೆರ್ಲಿಂದಾ ತೊಮಾಲಾಳ ಹೊಟ್ಟೆಯಲ್ಲಿ ಹುಳುವಿರಲಿಲ್ಲ. ಸಾಂತಾ ಲಿಬ್ರಾದಾ ಬಡಾವಣೆಯ ನಾನೂರ ಹನ್ನೆರಡು ಮನೆಗಳಲ್ಲಿ ಈ ಮಾತನ್ನು ಎದೆ ತಟ್ಟಿ ಹೇಳಬಲ್ಲವಳು ಅವಳೊಬ್ಬಳೇ. ಉಳಿದವರು ಆ ವಿಷಯ ಬಂದಾಗ ನಗುತ್ತಿದ್ದರು, ಇಲ್ಲವೇ ಮಾತು ಬದಲಿಸುತ್ತಿದ್ದರು.

ಅವಳ ಹೊಟ್ಟೆ ಶುದ್ಧವಾಗಿದ್ದುದಕ್ಕೆ ಕಾರಣ ದೈವಕೃಪೆಯಲ್ಲ, ಇಪ್ಪತ್ತಾರು ವರ್ಷಗಳ ನೌಕರಿ. ಹತ್ತೊಂಬತ್ತರ ಹರೆಯದಲ್ಲಿ ಕಡಲತೀರದ ಹಳ್ಳಿ ಬಿಟ್ಟು ಗುಯಾಕಿಲ್ ನಗರಕ್ಕೆ ಬಂದವಳು ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಗೆ ಸೇರಿದಳು. ಮೂರು ತಾಮ್ರದ ಹಂಡೆಗಳ ಮುಂದೆ ನಿಂತು ರೋಗಿಗಳ ಹಾಸಿಗೆ ಬಟ್ಟೆ ಕುದಿಸಿದಳು. ಕುದಿಯದ್ದು ಮಡಿಯಲ್ಲ ಎಂಬ ಪಾಠವನ್ನು ಅಲ್ಲಿನ ಮೇಲ್ವಿಚಾರಕಿ ಸನ್ಯಾಸಿನಿ ಅವಳ ಮಂಡೆಗೆ ಹೊಡೆದು ಕೂರಿಸಿದ್ದಳು. ನಿವೃತ್ತಿಯಾಗಿ ಏಳು ವರ್ಷ ಕಳೆದರೂ ಆ ಪಾಠ ಇಳಿದಿರಲಿಲ್ಲ. ಟ್ಯಾಂಕರ್‌ನವನು ವಾರಕ್ಕೆರಡು ಬಾರಿ ಡ್ರಮ್ಮಿಗೆ ಸುರಿದು ಹೋಗುವ ನೀರನ್ನು ಅವಳು ಸೀಮೆಎಣ್ಣೆ ಸ್ಟೌವಿನ ಮೇಲಿಟ್ಟರೆ, ರೇಡಿಯೋದಲ್ಲಿ ಮೂರು ಹಾಡು ಮುಗಿಯುವ ತನಕ ಇಳಿಸುತ್ತಿರಲಿಲ್ಲ. ಹಸಿ ಸೊಪ್ಪು ಮುಟ್ಟುತ್ತಿರಲಿಲ್ಲ. ಶನಿವಾರಕ್ಕೊಮ್ಮೆ ಉಗುರು. ಬಿದಿರ ತಟ್ಟಿಯ ಸ್ವಂತ ಮನೆಯೊಳಗೂ ಕಾಲಿಗೆ ಚಪ್ಪಲಿ.

"ದೋನ್ಯಾ ಹೆರ್ಲಿಂದಾ ಪಾದ್ರಿ ಹತ್ರ ಪಾಪ ಒಪ್ಪಿಸೋಕೆ ಹೋದ್ರೂ ಅದನ್ನ ಕುದಿಸ್ಕೊಂಡೇ ಹೋಗ್ತಾಳೆ" ಎಂದು ನೆರೆಯವರು, 'ದೋನ್ಯಾ' ಎಂಬ ಗೌರವದ ಸಂಬೋಧನೆಯನ್ನು ಬಿಡದೆಯೇ, ಆಡಿಕೊಳ್ಳುತ್ತಿದ್ದರು.

"ನೀವು ಹಸೀದೇ ಒಪ್ಪಿಸಿ. ಆಮೇಲೆ ಅದರಲ್ಲಿ ಮೊಟ್ಟೆ ಒಡೀಲಿ" ಎಂದು ಅವಳು ಉತ್ತರಿಸುತ್ತಿದ್ದಳು.

ಬಡಾವಣೆಯ ಅರ್ಧ ಭಾಗ ನೆಲದ ಮೇಲಿರಲಿಲ್ಲ. ಅಳಿವೆಯ ಉಪ್ಪುನೀರಿನಲ್ಲಿ ಕಾಂಡ್ಲಾ ಮರದ ಗೂಟ ನೆಟ್ಟು ಮನೆಗಳನ್ನು ನಿಲ್ಲಿಸಿದ್ದರು. ಮನೆಯಿಂದ ಮನೆಗೆ ಹಲಗೆಯ ಸಂಕ. ಪ್ರತಿ ಮನೆಯ ಹಿಂದೆ ಗೋಣಿಪರದೆ ಇಳಿಬಿಟ್ಟ ಒಂದು ಗೂಡು, ಅದರ ಹಲಗೆಯಲ್ಲೊಂದು ತೂತು, ತೂತಿನ ಕೆಳಗೆ ನೀರು. ಇಳಿತದಲ್ಲಿ ಅಳಿವೆ ಎಲ್ಲವನ್ನೂ ಒಯ್ಯುತ್ತಿತ್ತು, ಉಬ್ಬರದಲ್ಲಿ ಮುಕ್ಕಾಲು ಪಾಲನ್ನು ಹಿಂದಕ್ಕೆ ತಂದೊಪ್ಪಿಸುತ್ತಿತ್ತು. ನೀರು ಇಳಿದಾಗ ಹೊರಬೀಳುವ ಕೆಸರೇ ಮಕ್ಕಳ ಆಟದ ಬಯಲು, ಏಕೆಂದರೆ ಬೇರೆ ಬಯಲು ಇರಲಿಲ್ಲ. ಹೆರ್ಲಿಂದಾಳ ಮೊಮ್ಮಗಳು ಯಾದಿರಾ ಕೂಡ ಅಲ್ಲಿಯೇ ಆಡುತ್ತಿದ್ದಳು. ಅಜ್ಜಿ ಕುದಿಸಿದ ನೀರು ಹೊಸ್ತಿಲಿನ ಆಚೆಗೆ ಬರುವಂಥದ್ದಲ್ಲ.

ಒಣನೆಲ ಆರಂಭವಾಗುವಲ್ಲಿ ದಾನಿಗಳ ಸಂಘವೊಂದು ಶಿಶುವಿಹಾರ ನಡೆಸುತ್ತಿತ್ತು. ಬೆಳಗಿನ ಐದೂವರೆಯ ಬಸ್ಸು ಹಿಡಿದು ನಗರದ ಮನೆಗೆಲಸಕ್ಕೆ ಹೋಗುವ ಹೆಂಗಸರಿಗೆ ಮಕ್ಕಳನ್ನು ಬಿಡಲು ಇದ್ದ ಜಾಗ ಅದೊಂದೇ. ಅಲ್ಲಿನ ನಿಯಮಾವಳಿಯ ಏಳನೆಯ ಕಲಮು ಹೀಗಿತ್ತು: ಪ್ರತಿ ಮಾರ್ಚ್ ತಿಂಗಳಲ್ಲಿ ಮಗುವಿನ ಮಲಪರೀಕ್ಷೆಯ ಕಾಗದವನ್ನು ಒಪ್ಪಿಸತಕ್ಕದ್ದು, ಹುಳುವಾಗಲಿ ಅದರ ಮೊಟ್ಟೆಯಾಗಲಿ ಕಂಡುಬಂದ ಮಗುವನ್ನು ಶುದ್ಧ ಕಾಗದ ತರುವವರೆಗೆ ಒಳಗೆ ಸೇರಿಸತಕ್ಕದ್ದಲ್ಲ. ಕಲಮು ಅಲ್ಲಿಗೆ ಮುಗಿಯುತ್ತಿತ್ತು. ಔಷಧ ಯಾರು ಕೊಡಬೇಕು ಎಂಬ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ರೋಗ ತಗುಲಿದ ಮಗುವಿನ ಮುಖಕ್ಕೆ ಬಾಗಿಲು ಹಾಕುವುದನ್ನು ಆ ಸಂಘದವರು ಆರೋಗ್ಯ ರಕ್ಷಣೆ ಎಂದು ಕರೆದರು, ಹಾಗೆ ಕರೆಯುವಾಗ ಅವರಿಗೆ ನಾಚಿಕೆಯೂ ಆಗಲಿಲ್ಲ.

ಪರೀಕ್ಷೆಗೆ ಮಾದರಿಯನ್ನು ಬೆಂಕಿಪೊಟ್ಟಣದಲ್ಲಿ ಕೊಡುವುದು ವಾಡಿಕೆ. ಆರೋಗ್ಯ ಕೇಂದ್ರದ ಪ್ರಯೋಗಾಲಯ ಅದನ್ನು ಸ್ವೀಕರಿಸುತ್ತಿದ್ದುದು ಆರೂವರೆಯಿಂದ ಏಳೂವರೆಯ ನಡುವೆ ಮಾತ್ರ. ಆ ಹೊತ್ತಿಗೆ ತಾಯಂದಿರು ಯಾರದೋ ಮನೆಯಲ್ಲಿ ಯಾರದೋ ಮಕ್ಕಳಿಗೆ ಹಾಲು ಕಾಯಿಸುತ್ತಿರುತ್ತಿದ್ದರು. ಆದ್ದರಿಂದ ನಿವೃತ್ತಳಾಗಿದ್ದ ಹೆರ್ಲಿಂದಾ ಎಲ್ಲರ ಪೊಟ್ಟಣಗಳನ್ನೂ ಬ್ರೆಡ್ಡಿನ ಬುಟ್ಟಿಯಲ್ಲಿ ಜೋಡಿಸಿಕೊಂಡು ಹನ್ನೆರಡು ಬೀದಿ ದಾಟಿ ಒಯ್ಯುವ ಕೆಲಸ ವಹಿಸಿಕೊಂಡಳು.

ಸಾವಿರದ ಒಂಬೈನೂರ ಎಂಬತ್ತೆರಡರ ಮಾರ್ಚಿಯಲ್ಲಿ ಪೆರ್ಪೆತುವಾ ಕಿನ್ಯೋನೆಸ್ ಅವಳ ಮನೆಗೆ ಬಂದು ಕುಕ್ಕರಿಸಿದಳು. ಪೆರ್ಪೆತುವಾಳ ಮಗಳು ನೆಲ್ಲಿಗೆ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು ಹೆರ್ಲಿಂದಾ. ಅಂದಿನಿಂದ ಅವರಿಬ್ಬರೂ ಒಬ್ಬರಿಗೊಬ್ಬರು 'ಕೊಮಾದ್ರೆ'. ಒಡಹುಟ್ಟಿನಷ್ಟೇ ಗಟ್ಟಿಯಾದ ನಂಟು ಅದು.

"ಮೂರನೇ ಸಲ ವಾಪಸ್ ಕಳ್ಸಿದ್ರು ಕೊಮಾದ್ರೆ. ಇನ್ನೊಂದ್ಸಲ 'ಇದೆ' ಅಂತ ಕಾಗದ ಬಂದ್ರೆ ನಮ್ಮ ಯಜಮಾನಿ ಬೇರೆಯವಳನ್ನ ನೋಡ್ಕೋತಾಳಂತೆ."

"ಪೈಕೋ ಸೊಪ್ಪಿನ ಕಷಾಯ ಕುಡಿಸಿದ್ಯಾ?"

"ಕುಡಿಸ್ದೆ. ಚಂದ್ರ ಕರಗೋ ವಾರ ನೋಡ್ಕೊಂಡೇ ಕುಡಿಸ್ದೆ. ನಾಲ್ಕು ಬಿದ್ವು. ಅವರ ಅಜ್ಜ ಮುತ್ತಜ್ಜ ಎಲ್ಲ ಒಳಗೇ ಕಾಲು ಚಾಚ್ಕೊಂಡು ಕೂತಿದಾರೆ ಅನ್ಸತ್ತೆ."

ಹೆರ್ಲಿಂದಾ ಸ್ಟೌವಿನ ಬತ್ತಿ ತಗ್ಗಿಸಿದಳು. ಆಮೇಲೆ ಕೈ ಚಾಚಿದಳು. "ಆ ಖಾಲಿ ಪೊಟ್ಟಣ ಇಲ್ಲಿ ಕೊಡು. ಯಾರಿಗೂ ಹೇಳ್ಬೇಡ."

ಪೆರ್ಪೆತುವಾ ಮೊದಲು ಅರ್ಥವಾಗದೆ ನೋಡಿದಳು, ಅರ್ಥವಾದ ಮೇಲೆ ಸೆರಗಿನಂತೆ ಹೊದ್ದಿದ್ದ ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಐದು ದಿನಗಳ ನಂತರ ನೆಲ್ಲಿಯ ಹೆಸರಿಗೆ ಮೊಹರು ಬಿದ್ದ ಕಾಗದ ಬಂತು: ಪರೋಪಜೀವಿಗಳು ಕಂಡುಬಂದಿಲ್ಲ.

ಯಾರಿಗೂ ಹೇಳಬೇಡ ಎಂದ ಮಾತು ಸಂಕದ ಹಲಗೆಗಳ ಮೇಲೆ ಎಷ್ಟು ದಿನ ನಿಂತೀತು? ಮರುವರ್ಷ ಹದಿನಾಲ್ಕು ಪೊಟ್ಟಣ. ಎಂಬತ್ತನಾಲ್ಕರಲ್ಲಿ ಮೂವತ್ತೆಂಟು, ಎಂಬತ್ತೈದರಲ್ಲಿ ಐವತ್ತೆರಡು, ಎಂಬತ್ತಾರರಲ್ಲಿ ಐವತ್ತೇಳು. ಹೆರ್ಲಿಂದಾ ಇದಕ್ಕಾಗಿ ಯಾರಿಂದಲೂ ಏನನ್ನೂ ಕೇಳಲಿಲ್ಲ. ಮಾರ್ಚಿ ಬಂತೆಂದರೆ ಹೆಂಗಸರು ತಾವಾಗಿಯೇ ಬೇಯಿಸಿ ಜಜ್ಜಿದ ಬಾಳೆಕಾಯಿ ಉಂಡೆ, ಮೀನಿನ ಸಾರು, ಹುರುಳಿಯಂಥ ಕಾಳಿನ ಪಲ್ಯ ತಂದು ಅವಳೆದುರು ಇಟ್ಟು ಕಾವಲು ಕೂರುತ್ತಿದ್ದರು.

"ಇನ್ನೊಂದು ತುತ್ತು ತಿನ್ನಿ ದೋನ್ಯಾ. ನನ್ನ ಮಗನ ಪಾಲು ಇನ್ನೂ ತಯಾರಾಗಿಲ್ಲ."

"ನಿನ್ನ ಮಗನ ಪಾಲಿಗೆ ನಾನು ಸಾಯ್ಬೇಕೇನೇ? ಕಡಲೆಕಾಳಿನಷ್ಟು ಸಾಕು, ಅವರೇನು ತೂಕ ಹಾಕ್ತಾರಾ?"

ಎಲ್ಲ ಪೊಟ್ಟಣಗಳೂ ಒಂದೇ ಬಣ್ಣಕ್ಕೆ ತಿರುಗಬಾರದೆಂದು ಕೆಲವಕ್ಕೆ ಬೀಟ್‌ರೂಟಿನ ರಸ, ಕೆಲವಕ್ಕೆ ಇದ್ದಿಲ ಪುಡಿ ತಾಕಿಸುವ ಉಪಾಯವನ್ನೂ ಅವಳು ಕಂಡುಕೊಂಡಿದ್ದಳು. ಒಗೆಯುವ ಕೋಣೆಯ ಇಪ್ಪತ್ತಾರು ವರ್ಷಗಳಲ್ಲಿ ಯಾರೂ ಅವಳನ್ನು ಹೊಗಳಿರಲಿಲ್ಲ. ಈಗ ಬಡಾವಣೆಯೇ ಅವಳನ್ನು 'ಪವಿತ್ರ ಹೊಟ್ಟೆ' ಎಂದು ಕರೆಯುತ್ತಿತ್ತು, ಮತ್ತು ಆ ಹೆಸರು ಅವಳಿಗೆ ಹಿತವಾಗಿತ್ತು.

ಅವಳ ಮಗಳು ಔರಿಯಾ ನಗರದ ವೈದ್ಯರೊಬ್ಬರ ಮನೆಯಲ್ಲಿ ಅಡುಗೆಗಿದ್ದಳು. ಗಂಡ ಸೀಗಡಿ ದೋಣಿಯಲ್ಲಿ ಹೋದವನು ಇನ್ನೊಂದು ಬಂದರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ತಾಯಿ, ಮಗಳು, ಮೊಮ್ಮಗಳು ಒಂದೇ ಮನೆಯಲ್ಲಿದ್ದರು. ಯಾದಿರಾಳಿಗೆ ಮೂರು ತುಂಬಿದ ವರ್ಷ ಅವಳನ್ನೂ ಶಿಶುವಿಹಾರಕ್ಕೆ ಹಾಕಬೇಕಾಯಿತು, ಏಕೆಂದರೆ ಅಜ್ಜಿಗೆ ಬಟ್ಟೆ ಒಗೆದು ಮಂಡಿ ಹೋಗಿತ್ತು, ಸಂಕದ ಮೇಲೆ ಓಡುವ ಮಗುವಿನ ಬೆನ್ನು ಹತ್ತಲು ಆಗುತ್ತಿರಲಿಲ್ಲ. ಮಗುವಿನ ಪೊಟ್ಟಣದ ಸರದಿ ಬಂದಾಗ ಹೆರ್ಲಿಂದಾ ಒಂದು ಗಳಿಗೆ ತಡೆದಳು. ನನ್ನ ಮನೆಯ ಮಗುವಿಗೆ ಹುಳು ಇರಲಾರದು ಎಂದು ಅವಳ ಮನಸ್ಸು ಹೇಳಿತು. ಇದ್ದರೆ ಎಂದೂ ಅದೇ ಮನಸ್ಸು ಕೇಳಿತು. ಜೋಪಾನಕ್ಕೆ ಇರಲಿ ಎಂದು ಆ ಪೊಟ್ಟಣಕ್ಕೂ ತನ್ನದನ್ನೇ ತುಂಬಿದಳು. ಮೂರು ಮಾರ್ಚಿಗಳಲ್ಲೂ ಹಾಗೆಯೇ ಮಾಡಿದಳು.

ಎಂಬತ್ತಾರರ ಜುಲೈ ಹತ್ತರಂದು ಬಡಾವಣೆ ಸಮಿತಿಯ ಅಧ್ಯಕ್ಷ ದೋನ್ ಸೆಗುಂದೋ ವಿಯ್ಯೋನ್ ನೀರಿನ ಯೋಜನೆಯ ಕಚೇರಿಯಿಂದ ಹಿಂದಿರುಗಿ ಟೋಪಿ ತೆಗೆಯದೆ ಸಮಿತಿಯ ಚಪ್ಪರದಲ್ಲಿ ಕುಳಿತ. ಅವನು ದೋಣಿ ಕಟ್ಟುವ ಬಡಗಿ, ಒಂದು ಮಾತಾಡುವುದಕ್ಕೆ ಮುಂಚೆ ಎರಡು ಸಲ ಅಳತೆ ತೆಗೆಯುವವನು. ಕುಡಿಯುವ ನೀರಿನ ಕೊಳವೆ ಅಳಿವೆಯ ಹನ್ನೊಂದು ಬಡಾವಣೆಗಳಿಗೆ ಬರುವುದೆಂದು ಹಿಂದಿನ ವರ್ಷವೇ ಪಟ್ಟಿಯಾಗಿತ್ತು.

"ಹೊಡೆದುಹಾಕಿದಾರೆ" ಎಂದ.

"ಯಾರನ್ನ?"

"ನಮ್ಮನ್ನ. ಪಟ್ಟಿಯಿಂದ."

ಸುತ್ತ ಸೇರಿದವರು ಕೂಗಾಡಿದರು. ದೋನ್ ಸೆಗುಂದೋ ಜೇಬಿನಿಂದ ಚೀಟಿ ತೆಗೆದು ಓದಿದ. ಆರೋಗ್ಯ ಕೇಂದ್ರದ ಮೂರು ವರ್ಷಗಳ ದಾಖಲೆಯಂತೆ ಸಾಂತಾ ಲಿಬ್ರಾದಾದ ನೂರ ಐವತ್ತೊಂದು ಮಕ್ಕಳನ್ನು ಪರೀಕ್ಷಿಸಲಾಗಿ ನಾಲ್ವರಲ್ಲಿ ಮಾತ್ರ ಹುಳುವಿನ ಮೊಟ್ಟೆ ಕಂಡಿದೆ. ಅಳಿವೆಯ ಆಚೆ ದಂಡೆಯ ಲಾ ಕೊಂಕೋರ್ದಿಯಾದಲ್ಲಿ ನೂರಕ್ಕೆ ಎಂಬತ್ತಮೂರು. ಆದ್ದರಿಂದ ಕೊಳವೆಯೂ, ವರ್ಷಕ್ಕೆರಡು ಸಲ ಹಂಚುವ ಹುಳುವಿನ ಔಷಧವೂ ಲಾ ಕೊಂಕೋರ್ದಿಯಾಕ್ಕೆ ಸಲ್ಲತಕ್ಕದ್ದು. ಆ ಔಷಧ ಅಲ್ಲಿ ಎರಡು ವರ್ಷದಿಂದಲೂ ಸಲ್ಲುತ್ತಿದೆ.

"ಎಂಜಿನಿಯರು ನನ್ನ ಬೆನ್ನು ತಟ್ಟಿದ" ಎಂದ ದೋನ್ ಸೆಗುಂದೋ. "ಅಳಿವೇಲಿ ನಿಮ್ಮಷ್ಟು ಚೊಕ್ಕಟವಾದ ಜನ ಇಲ್ಲ, ಇದರ ಗುಟ್ಟೇನು ಹೇಳಿ ಅಂದ. ನಾನೇನು ಹೇಳ್ಲಿ?"

ಯಾರೋ ಕಿಸಕ್ಕೆಂದರು. ಆಮೇಲೆ ಚಪ್ಪರವೇ ನಕ್ಕಿತು.

"ಹಾಗಾದ್ರೆ ಬಿಷಪ್ಪರನ್ನ ಕರ್ಸಿ, ನಮ್ಮನ್ನೆಲ್ಲ ಸಂತರ ಪಟ್ಟಿಗೆ ಸೇರಿಸ್ಲಿ! ನೀರಿನ ಪಟ್ಟಿಗಂತೂ ಸೇರ್ಲಿಲ್ಲ."

"ನಮ್ಮ ಅತ್ತೆ ಮಾತ್ರ ಬೇಡಪ್ಪಾ, ಸ್ವರ್ಗಾನೂ ಗಲೀಜು ಮಾಡ್ತಾಳೆ."

ನಗದಿದ್ದವಳು ಹೆರ್ಲಿಂದಾ ಒಬ್ಬಳೇ. ನೂರ ಐವತ್ತೊಂದು ಎಂಬ ಸಂಖ್ಯೆಯನ್ನು ಅವಳು ಮನಸ್ಸಿನಲ್ಲೇ ಬಿಡಿಸಿದಳು: ಮೂವತ್ತೆಂಟು, ಐವತ್ತೆರಡು, ಐವತ್ತೇಳು, ಮೇಲೆ ನಾಲ್ಕು. ಆ ನಾಲ್ಕು ಪೊಟ್ಟಣಗಳು ಅವಳ ಕೈ ತಪ್ಪಿಸಿ ನೇರವಾಗಿ ಹೋದವು. ಮಿಕ್ಕ ನೂರ ನಲವತ್ತೇಳರಲ್ಲಿ ಇದ್ದದ್ದು ಅವಳ ಹೊಟ್ಟೆ. ನಾನೂರ ಹನ್ನೆರಡು ಮನೆಗಳ ನೀರನ್ನು ಅವಳು ಒಬ್ಬಳೇ ಬೆಂಕಿಪೊಟ್ಟಣದಲ್ಲಿ ತುಂಬಿ ಕೊಟ್ಟುಬಿಟ್ಟಿದ್ದಳು.

"ತಕರಾರು ಏನಾದ್ರೂ ಇದ್ರೆ ಹದಿನೆಂಟನೇ ತಾರೀಖು ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಬರೆದು ಕೊಡ್ಬೇಕಂತೆ. ಆಮೇಲೆ ಕೊಟ್ರೆ ತಗೊಳಲ್ಲ" ಎಂದು ದೋನ್ ಸೆಗುಂದೋ ಚೀಟಿ ಮಡಿಸಿದ.

ಭಾನುವಾರ ಪೆರ್ಪೆತುವಾಳ ಮನೆಯಲ್ಲಿ ಹೆಂಗಸರು ಸೇರಿದರು. ಗಂಡಸರನ್ನು ಕರೆದಿರಲಿಲ್ಲ. ಹೆರ್ಲಿಂದಾ ಸುತ್ತುಬಳಸದೆ ಹೇಳಿದಳು: ಮಾದರಿಗಳು ಸುಳ್ಳು ಎಂದು ಶುಕ್ರವಾರದೊಳಗೆ ಬರೆದು ಕೊಟ್ಟರೆ ಹೊಸ ಪರೀಕ್ಷೆ ಮಾಡುತ್ತಾರೆ, ಹೊಸ ಪರೀಕ್ಷೆಯಾದರೆ ಪಟ್ಟಿಗೆ ಮತ್ತೆ ಸೇರುತ್ತೇವೆ.

"ಸೇರ್ತೀವಿ" ಎಂದಳು ಪೆರ್ಪೆತುವಾ. "ಕೊಳವೆ ಬರೋಕೆ ಎರಡು ವರ್ಷ. ನೆಲ್ಲಿಯ ಪುಟ್ಟ ತಮ್ಮ ಶಿಶುವಿಹಾರದಿಂದ ಹೊರಗೆ ಬೀಳೋದು ನಾಳೆ. ಈ ಎರಡು ವರ್ಷ ಅವನನ್ನ ಯಾವ ಗೂಟಕ್ಕೆ ಕಟ್ಟಿ ಹಾಕ್ಲಿ ಕೊಮಾದ್ರೆ?"

"ಎರಡು ವರ್ಷ ಆದ್ಮೇಲೂ ಇದೇ ಮಾತು ಹೇಳ್ತೀಯ."

"ಹೇಳ್ತೀನಿ. ಹೊಟ್ಟೆಗಿದ್ರೆ ತಾನೇ ಹೊಟ್ಟೇಲಿರೋ ಹುಳದ ಚಿಂತೆ?"

ಮೂಲೆಯಲ್ಲಿ ನಿಂತಿದ್ದ ಔರಿಯಾಳ ಮುಖ ಕೆಂಪಾಗಿತ್ತು. "ಅಮ್ಮ, ನಾನು ಕೆಲಸ ಮಾಡೋದು ಡಾಕ್ಟರ ಮನೇಲಿ. ಯಾದಿರಾ ಕಾಗದ ನೋಡಿಯೇ ನನ್ನನ್ನ ಅಡುಗೆಮನೆಗೆ ಬಿಟ್ಕೊಂಡಿದ್ದು ಅವರು. ಸುಳ್ಳು ಅಂತ ಗೊತ್ತಾದ್ರೆ ಬಾಗಿಲಲ್ಲೇ ನಿಲ್ಸಿ ಕಳಿಸ್ತಾರೆ. ನೀನು ದೊಡ್ಡ ಮನಸ್ಸು ಮಾಡೋದು ನನ್ನ ತುತ್ತಿನ ಮೇಲಾ?"

"ನೀರು ಬರೋದು ಬೇಡ್ವಾ ನಿಂಗೆ?"

"ಬೇಕು. ಬೇರೆಯವರ ಹೊಟ್ಟೆ ಮೇಲೆ ಹೊಡೆಯೋಕೆ ನಿಂಗೆ ಹಕ್ಕಿಲ್ಲ ಅಂತ ಹೇಳ್ತಿದೀನಿ. ನಿನ್ನ ಹೊಟ್ಟೆ ಪವಿತ್ರ ಇರಬಹುದು."

ಯಾರೂ ಬಾಯಿ ಬಿಡಕೂಡದು ಎಂದು ತೀರ್ಮಾನವಾಯಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಹೆರ್ಲಿಂದಾ ನೆಲದ ಮೇಲೆ ಕೈಯೂರಿ ಕಷ್ಟಪಟ್ಟು ಎದ್ದಳು, ಯಾರೂ ಕೈ ಹಿಡಿದೆಬ್ಬಿಸಲಿಲ್ಲ.

ನಾಲ್ಕು ದಿನ ಅವಳು ಮನೆಯಿಂದ ಹೊರಬೀಳಲಿಲ್ಲ. ಹೆಂಗಸರು ಆಡಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ ಎಂಬುದೇ ಅವಳನ್ನು ಕಾಡಿತು. ಔರಿಯಾ ಬಿಟ್ಟಕಣ್ಣಿನಿಂದ ತಾಯಿಯನ್ನು ಕಾಯುತ್ತಿದ್ದಳು, ಆದರೆ ಬೆಳಗಿನ ಬಸ್ಸು ಹಿಡಿಯಲೇಬೇಕಲ್ಲ. ಗುರುವಾರ ಸಂಜೆ ಉಬ್ಬರ ಏರುತ್ತಿದ್ದಾಗ ಹೆರ್ಲಿಂದಾ ಕಿಟಕಿಯಿಂದ ಕೆಳಗೆ ನೋಡಿದಳು. ತನ್ನದೇ ಗೂಡಿನಿಂದ ಬಿದ್ದದ್ದು ಮೂರು ಮನೆ ದಾಟಿ ಹೋಗಿ, ಅಲ್ಲೊಂದು ಗೂಟಕ್ಕೆ ತಾಗಿ, ತಿರುಗಿ ಬರುತ್ತಿತ್ತು. ಎರಡು ಗಂಟೆಯ ಹಿಂದೆ ಅದೇ ಗೂಟವನ್ನು ಹಿಡಿದುಕೊಂಡು ಮಕ್ಕಳು ಕೆಸರಿನಲ್ಲಿ ಗಿರಕಿ ಹೊಡೆದಿದ್ದರು.

ತಾಯಂದಿರನ್ನು ಒಳಗೆ ಎಳೆಯದೆ ಸತ್ಯ ಹೇಳುವ ದಾರಿ ಅವಳಿಗೆ ಹೊಳೆದದ್ದು ಆಗ. ಸತ್ಯದ ಅರ್ಧವನ್ನು ಮಾತ್ರ ಹೇಳಬೇಕು. ಉಳಿದ ಅರ್ಧವನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳಬೇಕು.

ಶುಕ್ರವಾರ ಔರಿಯಾ ಬಸ್ಸು ಹತ್ತಿದ ಮೇಲೆ ಹೆರ್ಲಿಂದಾ ಆಸ್ಪತ್ರೆಯವರು ಬೀಳ್ಕೊಡುಗೆಗೆ ಕೊಟ್ಟಿದ್ದ ಬೂದು ಉಡುಪು ತೊಟ್ಟು ಹೊರಟಳು. ಕಚೇರಿಯ ಬೆಂಚಿನ ಮೇಲೆ ಎರಡೂಕಾಲು ಗಂಟೆ ಕೂತಳು. ಅವಳನ್ನು ಕರೆದಾಗ ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು. ಒಳಗಿದ್ದ ಅಧಿಕಾರಿಗೆ ಮೂವತ್ತು ತುಂಬಿರಲಿಲ್ಲ. ಬಿಳಿ ಅಂಗಿ, ಜೇಬಿನಲ್ಲಿ ಮೂರು ಪೆನ್ನು.

"ಸಾಂತಾ ಲಿಬ್ರಾದಾದ ಮಕ್ಕಳ ಮಾದರಿ ಪ್ರಯೋಗಾಲಯಕ್ಕೆ ಒಯ್ತಿದ್ದವಳು ನಾನು. ಆ ಪೊಟ್ಟಣಗಳಲ್ಲಿದ್ದದ್ದು ಮಕ್ಕಳದ್ದಲ್ಲ, ನಂದು."

ಅವನು ಪೆನ್ನು ಕೆಳಗಿಟ್ಟ. "ಎಲ್ಲವೂ?"

"ನೂರ ನಲವತ್ತೇಳು. ಸಂಕದ ಮೇಲೆ ಬುಟ್ಟಿ ಜಾರಿ ಅಳಿವೆಗೆ ಬಿತ್ತು. ತಾಯಂದಿರಿಗೆ ಹೇಳೋಕೆ ನಾಚಿಕೆ ಆಯ್ತು. ಹೊಸ ಪೊಟ್ಟಣ ತಗೊಂಡು ನಾನೇ ತುಂಬಿಸ್ದೆ."

"ಮೂರು ವರ್ಷವೂ ಬಿತ್ತಾ?"

"ಮೂರು ವರ್ಷವೂ. ಸಂಕ ಅದೇ, ಮಂಡಿನೂ ಅದೇ."

"ತಾಯಂದಿರಿಗೆ ಗೊತ್ತಿರಲಿಲ್ವಾ?"

"ಇಲ್ಲ. ಅವರು ಐದೂವರೆ ಬಸ್ಸಿಗೆ ಹೋಗಿರ್ತಾರೆ ಸ್ವಾಮಿ. ಅವರಿಗೇನು ಗೊತ್ತಿರತ್ತೆ?"

ಅಧಿಕಾರಿ ಅವಳನ್ನು ದಿಟ್ಟಿಸಿದ. ಅವನು ನಂಬಲಿಲ್ಲ ಎಂಬುದು ಅವಳಿಗೆ ತಿಳಿಯಿತು. ನಂಬದಿದ್ದರೂ ಬರೆದುಕೊಳ್ಳುತ್ತಾನೆ ಎಂಬುದೂ ತಿಳಿಯಿತು, ಏಕೆಂದರೆ ಅವನಿಗೆ ಬೇಕಾದದ್ದು ಒಂದು ಸಹಿ. ಅವನು ಅಚ್ಚಾದ ನಮೂನೆಯೊಂದನ್ನು ಎಳೆದುಕೊಂಡು ಖಾಲಿ ಜಾಗಗಳನ್ನು ತುಂಬಿ ಅವಳತ್ತ ತಿರುಗಿಸಿದ. ಹೆರ್ಲಿಂದಾ ಓದಬಲ್ಲವಳು, ಬೆರಳಿಟ್ಟು ನಿಧಾನವಾಗಿ ಓದುವವಳು. ಬೆರಳು ಕೆಳಗಿನ ಒಂದು ಸಾಲಿನ ಮೇಲೆ ನಿಂತಿತು. ಸೋಂಕಿಗೆ ಕಾರಣ: ನಿವಾಸಿಗಳ ಅಜ್ಞಾನ ಮತ್ತು ಕೊಳಕು ಅಭ್ಯಾಸಗಳು.

"ಇದನ್ನ ನಾನು ಹೇಳಿಲ್ಲ" ಎಂದಳು.

"ಅದು ನಮೂನೇಲೇ ಅಚ್ಚಾಗಿ ಬಂದಿದೆ ತಾಯಿ. ಎಲ್ಲರಿಗೂ ಅದೇ ಸಾಲು."

"ಪರೀಕ್ಷೆ ಮಾಡೋಕೆ ಮುಂಚೇನೇ ಕಾರಣ ಅಚ್ಚು ಹಾಕ್ಸಿದೀರಾ?"

"ನಾನು ಹಾಕ್ಸಿದ್ದಲ್ಲ."

"ವಾರಕ್ಕೆ ಎರಡು ದಿನ ಟ್ಯಾಂಕರ್ ಬರತ್ತೆ. ಒಂದು ಮನೆಗೆ ಒಂದು ಡ್ರಮ್ಮು. ಅದರಲ್ಲೇ ಅಡುಗೆ, ಅದರಲ್ಲೇ ಸ್ನಾನ, ಅದರಲ್ಲೇ ಮಕ್ಕಳ ಕುಂಡೆ ತೊಳೆಯೋದು. ಆ ನೀರಲ್ಲಿ ಯಾವ ಅಭ್ಯಾಸ ಇಟ್ಕೊಳ್ಳೋಕಾಗತ್ತೆ ಅಂತ ನೀವೊಂದು ವಾರ ಬಂದು ತೋರಿಸ್ಕೊಡಿ. ಇದನ್ನ ಹೊಡೆದು 'ನೀರಿಲ್ಲದ ಕಾರಣ' ಅಂತ ಬರೀರಿ."

"ಹೊಡೆದ್ರೆ ನಮೂನೆ ಅಸಿಂಧು ಆಗತ್ತೆ. ಬೇರೆ ಪತ್ರ ಟೈಪು ಮಾಡಿಸ್ಬೇಕು, ಟೈಪಿಸ್ಟು ಸೋಮವಾರ ಬರೋದು." ಅವನು ಗಡಿಯಾರ ನೋಡಿದ, ಅವಳೂ ನೋಡಿದಳು. ಹನ್ನೊಂದು ನಲವತ್ತೊಂದು. "ನಾನೂ ಓದಿದೀನಿ, ತಾಯಿ" ಎಂದ ಅವನು ಧ್ವನಿ ತಗ್ಗಿಸಿ. "ಆ ಸಾಲನ್ನ."

ಹನ್ನೊಂದು ಬಡಾವಣೆಗಳ ಕಡತಗಳಲ್ಲಿ ಆ ಸಾಲು ಹನ್ನೊಂದು ಸಲ ಇತ್ತು. ನಲ್ಲಿ ಕೊಡದ ಕಚೇರಿಯೇ, ನಲ್ಲಿ ಇಲ್ಲದವರು ಕೈ ತೊಳೆಯುವುದಿಲ್ಲ ಎಂದು ಮುದ್ರಿಸಿಟ್ಟುಕೊಂಡಿತ್ತು, ಮತ್ತು ಆ ಮುದ್ರಣಕ್ಕೆ ತೊಳೆಯಲಾಗದವರ ಸಹಿ ತೆಗೆದುಕೊಂಡ ಮೇಲೆಯೇ ನೀರಿನ ಮಾತೆತ್ತುತ್ತಿತ್ತು. ಇದಕ್ಕಿಂತ ಕೊಳಕಾದ ಅಭ್ಯಾಸವನ್ನು ಆ ಅಳಿವೆಯಲ್ಲಿ ಯಾರಾದರೂ ಕಂಡಿದ್ದರೆ ಹೇಳಬೇಕು.

ಹೆರ್ಲಿಂದಾ ತಾನಾಗಿ ಹೇಳಿದ ಸುಳ್ಳಿಗೆ ತಲೆ ಕೊಡಲು ಸಿದ್ಧಳಾಗಿ ಬಂದಿದ್ದಳು. ಬೇರೆಯವರು ಅಚ್ಚು ಹಾಕಿಸಿದ ಸುಳ್ಳಿಗಲ್ಲ. ಜೀವಮಾನವಿಡೀ ಕುದಿಸಿ, ತಿಕ್ಕಿ, ಒಗೆದ ಕೈ ಅದು. ಆ ಕೈ ಮೇಜಿನ ಮೇಲೆ ಬಹಳ ಹೊತ್ತು ಸುಮ್ಮನೆ ಇತ್ತು. ಹನ್ನೆರಡಕ್ಕೆ ಆರು ನಿಮಿಷ ಇದ್ದಾಗ ಅದು ಪೆನ್ನು ಹಿಡಿಯಿತು.

ಆಗಸ್ಟ್ ಮೊದಲ ವಾರ ಪ್ರಯೋಗಾಲಯದವರು ತಾವೇ ಪ್ಲಾಸ್ಟಿಕ್ ಡಬ್ಬಿಗಳನ್ನು ತಂದು, ಪ್ರತಿ ಮಗುವಿನ ಹೆಸರು ಬರೆದು, ಗೋಣಿಪರದೆಯ ಹೊರಗೇ ಕಾದು ನಿಂತು ಮಾದರಿ ಒಯ್ದರು. ಪರೀಕ್ಷಿಸಿದ ಮಕ್ಕಳು ಇನ್ನೂರ ಮೂರು. ಜಂತುಹುಳು, ಚಾಟಿಹುಳು ಅಥವಾ ಎರಡೂ ಇದ್ದವರು ನೂರ ಎಪ್ಪತ್ತೊಂದು. ಸಾಂತಾ ಲಿಬ್ರಾದಾ ಪಟ್ಟಿಗೆ ಮರಳಿತು, ಆರನೆಯ ಸಂಖ್ಯೆಯಾಗಿ. ದೋನ್ ಸೆಗುಂದೋ ಅದನ್ನು ಚಪ್ಪರದಲ್ಲಿ ಓದಿದಾಗ ಗಂಡಸರು ಚಪ್ಪಾಳೆ ತಟ್ಟಿದರು. ಹೆಂಗಸರು ತಟ್ಟಲಿಲ್ಲ. ಆ ಬೆಳಿಗ್ಗೆ ತಾನೇ ಶಿಶುವಿಹಾರ ಏಳನೆಯ ಕಲಮಿನಂತೆ ನಲವತ್ತೊಂಬತ್ತು ಮಕ್ಕಳನ್ನು ಹಿಂದಕ್ಕೆ ಕಳಿಸಿತ್ತು.

ಹೆರ್ಲಿಂದಾಳ ಅರ್ಧ ಸುಳ್ಳು ತಾಯಂದಿರನ್ನು ವಂಚನೆಯ ಆರೋಪದಿಂದ ಉಳಿಸಿತು, ಮಕ್ಕಳನ್ನು ಒಳಗೆ ಉಳಿಸಲಿಲ್ಲ. ಟ್ಯಾಂಕರಿನ ಸಾಲಿನಲ್ಲಿ ಅವಳು ನಿಂತರೆ ಹಿಂದಿನವರು ಒಂದು ಮಾರು ದೂರ ನಿಲ್ಲತೊಡಗಿದರು. ಪೆರ್ಪೆತುವಾ ಒಂದು ದಿನ ಸಂಕದ ಮೇಲೆ ಎದುರಾದಳು. ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ.

"ಹೋಗಿ, ದೋನ್ಯಾ ಹೆರ್ಲಿಂದಾ" ಎಂದಳು, ಕೈಕಂಬಿಗೆ ಅಂಟಿ ನಿಂತು ದಾರಿ ಬಿಟ್ಟು.

ಎಂಟು ವರ್ಷಗಳಲ್ಲಿ ಅವಳ ಬಾಯಲ್ಲಿ ಕೊಮಾದ್ರೆ ಎಂಬ ಮಾತು ತಪ್ಪಿದ್ದು ಅದೇ ಮೊದಲು. ಹೆರ್ಲಿಂದಾ ದಾಟಿ ಹೋದಳು.

ಹೊಸ ಪರೀಕ್ಷೆಯ ಸುದ್ದಿ ತಿಳಿದ ಡಾಕ್ಟರ ಮನೆಯವರು ಔರಿಯಾಳನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ, ಒಳಗೆ ಕೂರಿಸಿ, ಕಾಫಿ ಕೊಟ್ಟು, ವಾರದ ಕೊನೆಗೆ ಬಿಡಿಸಿದರು. ಹತ್ತು ದಿನ ಅಲೆದ ಮೇಲೆ ನಗರದ ಇನ್ನೊಂದು ತುದಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೇ ಉಳಿದುಕೊಳ್ಳಬೇಕು, ಹದಿನೈದು ದಿನಕ್ಕೊಂದು ಭಾನುವಾರ ಮನೆಗೆ ಬರಬಹುದು. ಅವಳು ತಾಯಿಯೊಡನೆ ಮಾತು ಬಿಟ್ಟೇ ಗಂಟು ಕಟ್ಟಿದಳು. ಯಾದಿರಾಳ ಜಡೆ ಹೆಣೆದು, ಬಿಚ್ಚಿ, ಮತ್ತೆ ಹೆಣೆದು ಹೋದಳು.

ಪಟ್ಟಿಗೆ ಸೇರಿದ ಬಡಾವಣೆಯಾದ್ದರಿಂದ ಸಾಂತಾ ಲಿಬ್ರಾದಾಕ್ಕೂ ಔಷಧ ಬಂತು. ಸಿಹಿಯಾದ, ಹಳದಿ ಪಾನಕದಂಥ ಔಷಧ. ಮೂರು ದಿನ ಕುಡಿಸಬೇಕು. ಹೆರ್ಲಿಂದಾ ಯಾದಿರಾಳನ್ನು ತೂತಿನ ಗೂಡಿಗೆ ಕಳಿಸದೆ ಒಂದು ಹಳೆಯ ಬೋಗುಣಿಯ ಮೇಲೆ ಕೂರಿಸಿದಳು. ಎರಡನೆಯ ದಿನ ಬೆಳಿಗ್ಗೆ ಮಗು ಅಳುತ್ತ ಕೂಗಿತು, "ಅಜ್ಜಿ, ಇವು ಬದುಕಿವೆ!" ಹೆರ್ಲಿಂದಾ ಬೋಗುಣಿಯನ್ನು ಬೆಳಕಿಗೆ ತಂದಳು. ಆಸ್ಪತ್ರೆಯ ಹಾಸಿಗೆ ಬಟ್ಟೆಯಲ್ಲಿ ಅವಳು ನೋಡದೆ ಬಿಟ್ಟದ್ದು ಏನೂ ಇರಲಿಲ್ಲ. ಆದರೆ ಇದು ಅವಳದೇ ಮನೆಯ ಮಗುವಿನದು. ಕಡ್ಡಿಯಿಂದ ಒಂದೊಂದನ್ನೇ ಸರಿಸಿ ಎಣಿಸಿದಳು.

ಭಾನುವಾರ ಔರಿಯಾ ಬಂದಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಕಾಲು ಕೈ ಮುಟ್ಟಿ, ಹೊಟ್ಟೆ ಮುಟ್ಟಿ ನೋಡಿದಳು. ಆ ಹೊಟ್ಟೆ ಇಳಿದಿತ್ತು. ಗುಂಡಗಿದೆ, ಅಜ್ಜಿಯ ಹಾಗೆಯೇ ಎಂದು ಮೂರು ವರ್ಷ ಎಲ್ಲರೂ ಮುದ್ದಾಡಿದ ಹೊಟ್ಟೆ.

"ಎಷ್ಟು?" ಎಂದು ಕೇಳಿದಳು. ಐದು ವಾರಗಳಲ್ಲಿ ತಾಯಿಗೆ ಆಡಿದ ಮೊದಲ ಮಾತು.

"ಇಪ್ಪತ್ತಮೂರು."

ಔರಿಯಾ ಮಗುವಿನ ತಲೆಯ ಮೇಲೆ ಗಲ್ಲ ಊರಿದಳು. "ಅವತ್ತು ಕೆಲಸ ಹೋಗತ್ತೆ ಅಂತ ನಿನ್ನ ಜೊತೆ ಜಗಳ ಆಡ್ದೆ. ಅದು ಹೋಯ್ತು, ಬೇರೆ ಸಿಕ್ತು. ಆ ಸಿಟ್ಟು ಈಗ ಇಲ್ಲ." ಮಗುವಿನ ಜಡೆ ಸವರುತ್ತ ಕೇಳಿದಳು, "ಆಚೆ ದಂಡೆ ಮಕ್ಕಳಿಗೆ ಎರಡು ವರ್ಷದಿಂದ ಈ ಔಷಧಿ ಕೊಡ್ತಿದ್ರಂತೆ. ಹೌದಾ?"

"ಹೌದು. ವರ್ಷಕ್ಕೆ ಎರಡು ಸಲ."

"ಮತ್ತೆ ನಮ್ಮ ಹುಡುಗಿಗೆ ಯಾಕೆ ಕೊಡ್ಲಿಲ್ಲ ಅಮ್ಮ?"

ಆ ಪ್ರಶ್ನೆಗೆ ಉತ್ತರ ಇಬ್ಬರಿಗೂ ಗೊತ್ತಿತ್ತು. ಹೆರ್ಲಿಂದಾ ಅದನ್ನು ಮಗಳ ಬಾಯಿಯಿಂದ ಬರಗೊಡಲಿಲ್ಲ.

"ಅವಳ ಹೆಸರಿಗೆ ನಾನು ನನ್ನ ಹೊಟ್ಟೆ ಬರೆಸಿದ್ದೆ. ಅವಳಿಗೆ ಏನೂ ಇಲ್ಲ ಅಂತ ಮೂರು ಸಲ ಮೊಹರು ಹಾಕಿಸ್ಕೊಂಡು ಬಂದವಳು ನಾನೇ. ನೆಲ್ಲಿಗೂ ಹಾಗೇ. ಎಲ್ಲರಿಗೂ ಹಾಗೇ. ಉಪಕಾರ ಅನ್ಕೊಂಡಿದ್ದೆ ಔರಿಯಾ."

"ನಾವೂ ಹಾಗೇ ಅನ್ಕೊಂಡಿದ್ವಿ" ಎಂದಳು ಔರಿಯಾ. ಆ ಮಾತಿನಲ್ಲಿ ಕ್ಷಮೆ ಇರಲಿಲ್ಲ, ಆದರೆ 'ನಾವು' ಎಂಬುದು ಇತ್ತು. ಹೆರ್ಲಿಂದಾ ಮುಖ ಆಚೆ ತಿರುಗಿಸಿಕೊಂಡಳು.

ಹಿಂತಿರುಗುವ ಬಸ್ಸು ಐದು ಗಂಟೆಗೆ. ನಾಲ್ಕೂವರೆಗೆ ಔರಿಯಾ ಎದ್ದು ಉಡುಪು ಕೊಡವಿಕೊಂಡಳು. ಹೊಸ್ತಿಲಲ್ಲಿ ನಿಂತು, ಮತ್ತೆ ಯಾವಾಗ ಕುಡಿಸಬೇಕು ಎಂದು ಕೇಳಿದಳು.

"ಫೆಬ್ರವರೀಲಿ. ಆರು ತಿಂಗಳಿಗೊಮ್ಮೆ."

"ಅಷ್ಟರಲ್ಲಿ ಮತ್ತೆ ಆಗತ್ತಾ?"

ಕೆಳಗೆ ನೀರು ಇಳಿಯತೊಡಗಿತ್ತು. ಶಿಶುವಿಹಾರ ಹೊರಗೆ ಹಾಕಿದ ಮಕ್ಕಳಲ್ಲಿ ಹತ್ತು ಹನ್ನೆರಡು ಮಂದಿ ಗೂಟಗಳ ನಡುವೆ ಆಗಲೇ ಇಳಿದಾಗಿತ್ತು. ಯಾದಿರಾ ಅವರನ್ನು ನೋಡಿ ಅಜ್ಜಿಯ ಕೈ ಬಿಡಿಸಿಕೊಳ್ಳಲು ಒದ್ದಾಡಿದಳು.

"ಆಗತ್ತೆ" ಎಂದಳು ಹೆರ್ಲಿಂದಾ.

ಕೊಳವೆಯ ಪಟ್ಟಿಯ ನಕಲನ್ನು ದೋನ್ ಸೆಗುಂದೋ ಸಮಿತಿಯ ಚಪ್ಪರದ ಕಂಬಕ್ಕೆ ಮೊಳೆ ಹೊಡೆದು ಹಾಕಿದ್ದ. ಅದರಲ್ಲಿ ಬಡಾವಣೆಯ ಹೆಸರಿತ್ತು, ಸಂಖ್ಯೆಯಿತ್ತು, ಮೊಹರಿತ್ತು. ಕೆಲಸ ಯಾವ ದಿನಾಂಕದಂದು ಆರಂಭವಾಗುವುದು ಎಂಬ ಕಲಮಿನ ಎದುರಿಗೆ ಏನನ್ನೂ ಬರೆದಿರಲಿಲ್ಲ.